ಕೊನೆಯ ಮಾತು ಬೆರಳಿನದು

ಹತ್ತಾರು ಗಂಟೆ ಆಡಿದ ವಿಡಿಯೊ ಗೇಮ್ ಮುಗಿದಾಗ ಒಮ್ಮೊಮ್ಮೆ ಎದೆ ತುಂಬಿ ಬರುತ್ತದೆ, ಒಮ್ಮೊಮ್ಮೆ ಮೋಸ ಹೋದಂತೆ ಸಿಟ್ಟು ಉಕ್ಕುತ್ತದೆ. ಗೆದ್ದರೂ ಸಪ್ಪೆ ಎನಿಸುವ ಕೊನೆಗಳಿವೆ. ಸೋತರೂ ವರ್ಷಗಟ್ಟಲೆ ಕಾಡುವ ಕೊನೆಗಳಿವೆ. ಈ ವ್ಯತ್ಯಾಸ ಹುಟ್ಟುವುದು ಎಲ್ಲಿ?

*(ಓದುವ ಮುನ್ನ: ಇಲ್ಲಿ ಹಲವು ಆಟಗಳ ಕೊನೆ ಬಯಲಾಗಿದೆ.)*

ಮಳೆ ಧೋ ಎಂದು ಸುರಿಯುತ್ತಿದೆ. ಸುತ್ತ ಕತ್ತಲು. ಎದುರಿಗೆ ಉಕ್ಕುವ ನೀರು. ದಡದಲ್ಲಿ ಪುಟ್ಟ ಹುಡುಗನೊಬ್ಬ ಒಂಟಿಯಾಗಿ ನಿಂತಿದ್ದಾನೆ. ಆಚೆ ದಡದಲ್ಲಿ ಅವನ ಊರು, ಊರಿನಲ್ಲಿ ಕೊನೆಯುಸಿರು ಹಿಡಿದುಕೊಂಡ ಅಪ್ಪ. ಅಪ್ಪನನ್ನು ಬದುಕಿಸುವ ಔಷಧ ಹುಡುಗನ ಕೈಯಲ್ಲೇ ಇದೆ. ಆದರೆ ಅವನಿಗೆ ಈಜು ಬಾರದು.

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗ ಟಿ.ವಿ. ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮತ್ತೆ ಮತ್ತೆ ಬಟನ್ ಒತ್ತಿದ. ಹುಡುಗ ದಡದವರೆಗೆ ಬರುತ್ತಾನೆ, ನೀರು ಕಂಡು ಹಿಂದೆ ಸರಿಯುತ್ತಾನೆ.

“ಮಾಮ, ಇವ್ನು ನೀರಿಗೇ ಇಳೀತಿಲ್ಲ ನೋಡು. ಗೇಮ್ ಹ್ಯಾಂಗ್ ಆಗೋಯ್ತಾ?”

ನಾನು ಆ ಆಟ ಆಡಿ ಮುಗಿಸಿದ್ದೆ. ಉತ್ತರ ಗೊತ್ತಿತ್ತು. ಹೇಳಲಿಲ್ಲ.

2013ರಲ್ಲಿ ಬಂದ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಅಣ್ಣ-ತಮ್ಮನ ಕಥೆ. ಸ್ವೀಡನ್ನಿನ ಸ್ಟಾರ್‌ಬ್ರೀಝ್ ಸ್ಟುಡಿಯೊದಲ್ಲಿ ಅದನ್ನು ರೂಪಿಸಿದವರು ಸಿನಿಮಾ ನಿರ್ದೇಶಕ ಜೋಸೆಫ್ ಫಾರೆಸ್. ಆಡುವವರು ಒಬ್ಬರೇ, ನಡೆಸಬೇಕಾದದ್ದು ಇಬ್ಬರನ್ನು. ಕಂಟ್ರೋಲರಿನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ತಾಯಿ ನೀರಿನಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡ ತಮ್ಮನಿಗೆ ನೀರೆಂದರೆ ಪ್ರಾಣಭಯ. ದಾರಿಯಲ್ಲಿ ನೀರು ಅಡ್ಡ ಬಂದಾಗಲೆಲ್ಲ ಅಣ್ಣನ ಬೆನ್ನು ತಬ್ಬಿಕೊಂಡೇ ದಾಟುತ್ತಾನೆ.

ಕಥೆ ಕೊನೆಗೆ ಬರುವಷ್ಟರಲ್ಲಿ ಅಣ್ಣ ಸಾಯುತ್ತಾನೆ. ತಮ್ಮನೇ ಅವನನ್ನು ಮಣ್ಣು ಮಾಡುತ್ತಾನೆ. ಅಲ್ಲಿಂದ ಮುಂದೆ ಆಡುವವರ ಎಡಗೈಗೆ ಕೆಲಸವಿಲ್ಲ.

ಅಳಿಯ ಐದಾರು ನಿಮಿಷ ಒದ್ದಾಡಿದ. ಅವನ ಎಡಗೈ ತೋರುಬೆರಳು, ಅಷ್ಟು ಹೊತ್ತೂ ಅಣ್ಣನಿಂದ ಕೆಲಸ ಮಾಡಿಸಿದ ಬೆರಳು, ಅಭ್ಯಾಸಬಲದಿಂದ ಅದೇ ಬಟನ್ ಮೇಲೆ ಕೂತಿತ್ತು. ಏನನ್ನಿಸಿತೋ, ಒತ್ತಿದ.

ಹುಡುಗ ನೀರಿಗೆ ಇಳಿದ. ಈಜಿದ.

ಅಳಿಯ ಮಾತಾಡಲಿಲ್ಲ. ಬಟನ್ ಬಿಡಲೂ ಇಲ್ಲ. ಆಚೆ ದಡ ಸೇರುವವರೆಗೆ ಬೆರಳನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದ.

ಆ ಆಟದ ಪಾತ್ರಗಳು ಆಡುವುದೇ ಯಾವ ದೇಶದ್ದೂ ಅಲ್ಲದ ಕಟ್ಟಿಕೊಂಡ ಭಾಷೆ. ಅಣ್ಣ ಹೋದರೂ ಅವನ ಧೈರ್ಯ ತಮ್ಮನಲ್ಲಿ ಉಳಿದಿದೆ ಎಂದು ಯಾರೂ ವಿವರಿಸಲಿಲ್ಲ. ಕೆಲಸವಿಲ್ಲದೆ ಕೂತಿದ್ದ ಒಂದು ಬೆರಳು ಅದನ್ನು ತಾನೇ ಕಂಡುಕೊಂಡಿತು.

ಆಟದ ಕೊನೆ ಮನಸ್ಸು ತುಂಬುವುದು ಯಾವಾಗ ಎಂಬ ಪ್ರಶ್ನೆಗೆ ನನ್ನ ಉತ್ತರ ಆ ಬೆರಳಿನಲ್ಲಿದೆ. ಇಡೀ ಆಟದಲ್ಲಿ ಕೈ ಕಲಿತದ್ದು ಕೊನೆಯಲ್ಲಿ ಅರ್ಥವಾಗಿ ತಿರುಗಿ ಬರಬೇಕು. ಕೊನೆಯ ಮಾತನ್ನು ತೆರೆ ಹೇಳಬಾರದು, ಕೈ ಹೇಳಬೇಕು.

ಸೋಲೇ ಕೊನೆಯಾಗಿದ್ದ ಕಾಲ

ಮೊದಮೊದಲ ಆರ್ಕೇಡ್ ಆಟಗಳಲ್ಲಿ ಹಲವಕ್ಕೆ ಕೊನೆಯೇ ಇರಲಿಲ್ಲ. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಒಂದು ದಂಡನ್ನು ಹೊಡೆದುರುಳಿಸಿದರೆ ಇನ್ನೊಂದು ದಂಡು ಇಳಿಯುತ್ತದೆ. ಆರ್ಕೇಡ್ ಯಂತ್ರಕ್ಕೆ ಬೇಕಿದ್ದದ್ದು ನಾಣ್ಯ. ಆಡುವವರು ಬೇಗ ಸೋಲಬೇಕು, ಇನ್ನೊಂದು ನಾಣ್ಯ ಹಾಕಬೇಕು. ಗೆದ್ದು ಮನೆಗೆ ಹೋಗುವ ದಾರಿಯನ್ನೇ ಅದು ಇಟ್ಟಿರಲಿಲ್ಲ.

1980ರ ‘ಪ್ಯಾಕ್‌ಮ್ಯಾನ್’ಗೆ ಒಂದು ಕೊನೆ ಸಿಕ್ಕಿದ್ದು ತಪ್ಪಿನಿಂದ. ಅದರ ಲೆವೆಲ್ ಎಣಿಸುವ ಜಾಗದಲ್ಲಿ 255ರವರೆಗಿನ ಅಂಕೆ ಮಾತ್ರ ಹಿಡಿಯುತ್ತಿತ್ತು. 256ನೇ ಲೆವೆಲ್ ಬಂದೊಡನೆ ಲೆಕ್ಕ ತಪ್ಪಿ, ತೆರೆಯ ಬಲ ಅರ್ಧ ಅಕ್ಷರ-ಅಂಕೆಗಳ ಕಲಸುಮೇಲೋಗರವಾಗುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ.

ಅದೇ ವರ್ಷ ಅಟಾರಿ ಕಂಪನಿಯ ಡೇವ್ ಥ್ಯೂರರ್ ‘ಮಿಸೈಲ್ ಕಮಾಂಡ್’ ತಂದರು. ಆಡುವವರು ಆರು ನಗರಗಳನ್ನು ಕ್ಷಿಪಣಿಗಳಿಂದ ಕಾಯಬೇಕು. ಕ್ಷಿಪಣಿಗಳ ವೇಗ ಏರುತ್ತಲೇ ಹೋಗುತ್ತದೆ. ಎಷ್ಟೇ ಜಾಣರಿದ್ದರೂ ಒಂದು ಹೊತ್ತಿಗೆ ಎಲ್ಲ ನಗರಗಳೂ ಉರಿದುಹೋಗುತ್ತವೆ. ಬೇರೆ ಆಟಗಳು ‘ಗೇಮ್ ಓವರ್’ ಎನ್ನುವಲ್ಲಿ ಇದು ‘ದಿ ಎಂಡ್’ ಎನ್ನುತ್ತಿತ್ತು. ಅದು ಶೀತಲ ಸಮರದ ಕಾಲ. ಆಟ ಕಟ್ಟುವಾಗ ಥ್ಯೂರರ್ ಅವರಿಗೇ ಅಣುಬಾಂಬಿನ ದುಃಸ್ವಪ್ನಗಳು ಬೀಳುತ್ತಿದ್ದವು. ಅಣುಯುದ್ಧದಲ್ಲಿ ಗೆಲ್ಲುವವರಿಲ್ಲ ಎಂಬ ಮಾತನ್ನು ಆಡುವವರ ಸೋತ ಕೈಯೇ ಅವರಿಗೆ ಹೇಳಿತು.

ಆಟ ಮನೆಗೆ ಬಂದ ಮೇಲೆ ನಾಣ್ಯದ ಒತ್ತಡ ತಪ್ಪಿತು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಎಂಟು ಲೋಕಗಳು, ಒಂದೊಂದರ ಕೊನೆಗೂ ಒಂದು ಕೋಟೆ. ಏಳು ಸಲ ಕೋಟೆ ಗೆದ್ದಾಗಲೂ ರಾಜಕುಮಾರಿ ಇಲ್ಲಿಲ್ಲ ಎಂಬ ಉತ್ತರವೇ ಸಿಗುತ್ತದೆ. ಎಂಟನೆಯದರಲ್ಲಿ ಅವಳು ಸಿಗುತ್ತಾಳೆ. ಅವಳು ಆಡುವುದು ಎರಡೇ ಮಾತು. ಆದರೂ ಆ ಎರಡು ಮಾತಿಗೆ ಅಷ್ಟು ತೂಕ ಬಂದದ್ದು ಹಿಂದಿನ ಏಳು ನಿರಾಸೆಗಳಿಂದ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಆ ಆಟ ಸಿಕ್ಕಿದ್ದು ಟಿ.ವಿ.ಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಗಳಲ್ಲಿ, ನಾವು ‘ಕ್ಯಾಸೆಟ್ಟು’ ಎನ್ನುತ್ತಿದ್ದ ಹಳದಿ ಡಬ್ಬಿಗಳಲ್ಲಿ. ಅದರಲ್ಲಿ ಸೇವ್ ಇರಲಿಲ್ಲ. ಒಂದು ಭಾನುವಾರ ಆರು ಹುಡುಗರು ಸರದಿಯಲ್ಲಿ ಆಡಿ ಎಂಟನೇ ಲೋಕದ ಕೋಟೆ ಬಾಗಿಲಿಗೆ ಬಂದಿದ್ದೆವು. ಕರೆಂಟ್ ಹೋಯಿತು. ತೆರೆ ಚುಕ್ಕಿಯಾಗಿ ಆರಿತು. ಯಾರೂ ಮನೆಗೆ ಹೋಗಲು ಏಳಲಿಲ್ಲ. ಕತ್ತಲ ಕೋಣೆಯಲ್ಲಿ ಕೂತು ಒಳಗೆ ಏನಿದ್ದೀತು ಎಂದು ಸಂಜೆವರೆಗೂ ಮಾತಾಡಿದೆವು. ಕೊನೆಯ ಹಸಿವು ಎಷ್ಟು ದೊಡ್ಡದು ಎಂದು ನಾನು ಕಲಿತದ್ದು ಅಂದು.

ಟೆಟ್ರಿಸ್ ಸೋಲಿಸಿದ ಹುಡುಗ

*● 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಸೃಷ್ಟಿಸಿದ ‘ಟೆಟ್ರಿಸ್’ಗೆ ಕೊನೆಯಿಲ್ಲ. ಇಟ್ಟಿಗೆಗಳು ಬೀಳುತ್ತಲೇ ಇರುತ್ತವೆ.*

*● 1989ರ ನಿಂಟೆಂಡೊ ಆವೃತ್ತಿಯಲ್ಲಿ 29ನೇ ಲೆವೆಲ್ಲಿನ ವೇಗ ಮನುಷ್ಯರ ಕೈಗೆ ಮೀರಿದ್ದು ಎಂದೇ ಬಹುಕಾಲ ನಂಬಲಾಗಿತ್ತು.*

*● ಹೊಸ ತಲೆಮಾರಿನವರು ಕಂಟ್ರೋಲರಿನ ಹಿಂಬದಿಯನ್ನು ಬೆರಳುಗಳಿಂದ ತಬಲಾದಂತೆ ಬಡಿದು ಆ ಗೋಡೆ ದಾಟಿದರು.*

*● 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗ 157ನೇ ಲೆವೆಲ್ ತಲುಪಿದಾಗ ಆಟವೇ ತಡೆದುಕೊಳ್ಳಲಾಗದೆ ಸ್ತಬ್ಧವಾಯಿತು. ಅಲ್ಲಿ ಅಭಿನಂದನೆಯ ಸಂಗೀತವಿಲ್ಲ, ಚಿತ್ರವಿಲ್ಲ. ನಿಂತುಹೋದ ತೆರೆ ಮಾತ್ರ. ಹುಡುಗ ಕುರ್ಚಿಗೆ ಒರಗಿ ಉಸಿರಿಗೆ ತಡಕಾಡಿದ.*

ಚಂದ್ರನಿಗೆ ಹಿಡಿದ ಗುರಿ

ಟೆಟ್ರಿಸ್ಸಿನ ಆ ಕೊನೆಯನ್ನು ಯಾರೂ ಬರೆದಿರಲಿಲ್ಲ. ಬರೆದ ಕೊನೆಗಳಲ್ಲಿ ಕೈಯ ಕಲಿಕೆಗೆ ಅದೇ ಗೌರವ ಸಿಗುವುದು ಹೇಗೆ? 2011ರಲ್ಲಿ ವಾಲ್ವ್ ಕಂಪನಿ ತಂದ ‘ಪೋರ್ಟಲ್ 2’ ಇದಕ್ಕೆ ಪಾಠದಂತಿದೆ.

ಅದರಲ್ಲಿ ನಮ್ಮ ಕೈಯಲ್ಲಿರುವುದು ಒಂದು ವಿಚಿತ್ರ ಗನ್ನು. ಒಂದು ಗೋಡೆಗೆ ಹೊಡೆದರೆ ನೀಲಿ ಬಾಗಿಲು, ಇನ್ನೊಂದಕ್ಕೆ ಹೊಡೆದರೆ ಕಿತ್ತಳೆ ಬಾಗಿಲು. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರಬಹುದು. ಎಲ್ಲ ಗೋಡೆಗಳಲ್ಲೂ ಬಾಗಿಲು ತೆರೆಯುವುದಿಲ್ಲ. ಅರ್ಧ ದಾರಿಯಲ್ಲಿ ಹಳೆಯ ಧ್ವನಿಮುದ್ರಿಕೆಯೊಂದು, ಚಂದ್ರನ ಕಲ್ಲನ್ನು ಪುಡಿ ಮಾಡಿ ಕಲಸಿದ ದ್ರವ ಬಳಿದರೆ ಎಲ್ಲಿ ಬೇಕಾದರೂ ಬಾಗಿಲು ತೆರೆಯುತ್ತದೆ ಎನ್ನುತ್ತದೆ. ನಾವು ಆ ಬಿಳಿ ದ್ರವ ಬಳಿಯುತ್ತ ಒಗಟು ಬಿಡಿಸುವುದರಲ್ಲಿ ಮಾತನ್ನು ಮರೆಯುತ್ತೇವೆ.

ಕೊನೆಯ ಹೋರಾಟ. ಎಲ್ಲ ಉಪಾಯ ಮುಗಿದಿದೆ. ಚಾವಣಿ ಒಡೆದು ಬೀಳುತ್ತದೆ. ತಲೆಯ ಮೇಲೆ ಕತ್ತಲ ಆಕಾಶ, ಅದರಲ್ಲಿ ಚಂದ್ರ.

ಹೊಡೆ ಎಂದು ತೆರೆ ಹೇಳುವುದಿಲ್ಲ. ಬಾಣದ ಗುರುತೂ ಇಲ್ಲ. ಒಂದು ಗಳಿಗೆ ಮನಸ್ಸು ತಡವರಿಸುತ್ತದೆ, ಮರುಗಳಿಗೆ ಕೈ ತಾನಾಗಿ ಗನ್ನನ್ನು ಚಂದ್ರನತ್ತ ಎತ್ತುತ್ತದೆ. ಆ ಉಪಾಯ ನಮಗೇ ಹೊಳೆಯಿತು ಎಂಬ ಪುಲಕ ಬೇರೆ ಕಲೆಯಲ್ಲಿ ಸಿಗುವಂಥದ್ದಲ್ಲ. ಕಟ್ಟಿದವರು ಹೊಳೆಯುವಂತೆ ಮಾಡಿದರು, ನಿಜ. ಆದರೆ ಕೊನೆಯ ಹೆಜ್ಜೆಯನ್ನು ಅವರು ನಮಗೆ ಬಿಟ್ಟುಕೊಟ್ಟರು.

2019ರ ‘ಔಟರ್ ವೈಲ್ಡ್ಸ್’ ಇದನ್ನು ಇನ್ನೂ ಆಳಕ್ಕೆ ಒಯ್ದಿತು. ಅಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಕಾಲ ಹಿಂದಕ್ಕೆ ತಿರುಗಿ ಮೊದಲ ಬೆಳಗಿಗೆ ಬಂದು ನಿಲ್ಲುತ್ತದೆ. ಹೊಸ ಆಯುಧ ಸಿಗುವುದಿಲ್ಲ, ಬಲ ಹೆಚ್ಚುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಉಳಿಯುವುದು ನಾವು ತಿಳಿದುಕೊಂಡದ್ದು ಮಾತ್ರ. ನಮ್ಮ ಹಾಗೆ ಊರು ಬಿಟ್ಟ ಗಗನಯಾತ್ರಿಗಳು ಒಂದೊಂದು ಗ್ರಹದಲ್ಲಿ ಒಬ್ಬೊಬ್ಬರೇ ಕೂತು ಬ್ಯಾಂಜೊ, ಕೊಳಲು, ಹಾರ್ಮೋನಿಕಾ, ಡೋಲು ನುಡಿಸುತ್ತಿರುತ್ತಾರೆ. ಬಾಹ್ಯಾಕಾಶದಲ್ಲಿ ದೂರದಿಂದ ಆ ಎಳೆಗಳು ಕೇಳುತ್ತಿರುತ್ತವೆ.

ಕೊನೆಗೆ, ಸೂರ್ಯನನ್ನು ಉಳಿಸಲಾಗದು ಎಂದು ಖಚಿತವಾದ ಮೇಲೆ, ಕಾಲಚಕ್ರವನ್ನು ನಡೆಸುವ ಯಂತ್ರದ ತಿರುಳನ್ನು ನಾವೇ ಕಿತ್ತು ತೆಗೆಯಬೇಕು. ಇನ್ನು ಸತ್ತರೆ ಮರಳಿ ಬೆಳಗಾಗದು. ಬ್ರಹ್ಮಾಂಡದ ತುದಿಯಲ್ಲೊಂದು ಕಾಡು, ಅಲ್ಲಿ ಕ್ಯಾಂಪಿನ ಬೆಂಕಿ. ಒಬ್ಬೊಬ್ಬ ಗೆಳೆಯರನ್ನೇ ಹುಡುಕಿ ತಂದು ಕೂರಿಸುತ್ತೇವೆ. ಮಾತಾಡಿಸಿದವರು ವಾದ್ಯ ಎತ್ತಿಕೊಳ್ಳುತ್ತಾರೆ. ಅಷ್ಟು ದಿನ ಬಿಡಿಬಿಡಿಯಾಗಿ ಕೇಳಿದ ಎಳೆಗಳೆಲ್ಲ ಒಂದೇ ಹಾಡಿನವು ಎಂದು ಆಗ ತಿಳಿಯುತ್ತದೆ. ಲೋಕ ಮುಗಿಯುತ್ತಿದೆ, ಮನಸ್ಸು ಮಾತ್ರ ಶಾಂತವಾಗಿದೆ.

ಗೆಲ್ಲಲಾಗದ ಕಾಳಗ

ಹಾಗಾದರೆ ತೃಪ್ತಿಗೆ ಗೆಲುವು ಬೇಕೇ ಬೇಕೆಂದಿಲ್ಲ. 2010ರ ‘ರೆಡ್ ಡೆಡ್ ರಿಡೆಂಪ್ಷನ್’ ಇದರ ದೊಡ್ಡ ಸಾಕ್ಷಿ. ಜಾನ್ ಮಾರ್ಸ್ಟನ್ ಒಂದು ಕಾಲದ ದರೋಡೆಕೋರ. ಹೆಂಡತಿ-ಮಗನನ್ನು ಒತ್ತೆಯಿಟ್ಟುಕೊಂಡ ಸರ್ಕಾರಿ ಅಧಿಕಾರಿಗಳು ಅವನ ಹಳೆಯ ಗೆಳೆಯರನ್ನು ಅವನ ಕೈಯಿಂದಲೇ ಬೇಟೆಯಾಡಿಸುತ್ತಾರೆ. ಕೆಲಸ ಮುಗಿಸಿ ಅವನು ತನ್ನ ಜಮೀನಿಗೆ ಮರಳುತ್ತಾನೆ.

ಇಲ್ಲಿ ಕಟ್ಟಿದವರು ಧೈರ್ಯದ ಕೆಲಸವೊಂದನ್ನು ಮಾಡಿದ್ದಾರೆ. ಕಥೆ ಮುಗಿಯಿತು ಎನ್ನುವ ಹೊತ್ತಿಗೆ ಆಟ ನಿಧಾನವಾಗುತ್ತದೆ. ದನ ಅಟ್ಟುತ್ತೇವೆ, ಧಾನ್ಯದ ಕಣಜ ಕಾಯುತ್ತೇವೆ, ಮಗನನ್ನು ಬೇಟೆಗೆ ಕರೆದೊಯ್ಯುತ್ತೇವೆ. ಬಂದೂಕಿಗೆ ಒಗ್ಗಿದ್ದ ಕೈಗೆ ಸಂಸಾರದ ಲಯ ಹಿಡಿಯುತ್ತದೆ.

ಆಮೇಲೆ ಸೈನಿಕರು ಬರುತ್ತಾರೆ. ಹೆಂಡತಿ-ಮಗನನ್ನು ಕುದುರೆ ಹತ್ತಿಸಿ ಕಳಿಸಿ ಜಾನ್ ಕೊಟ್ಟಿಗೆಯ ಬಾಗಿಲ ಸಂದಿಯಿಂದ ಹೊರಗೆ ನೋಡುತ್ತಾನೆ. ಸಾಲುಗಟ್ಟಿದ ಬಂದೂಕುಗಳು. ಬಾಗಿಲು ತೆರೆಯುತ್ತದೆ. ಆಟದುದ್ದಕ್ಕೂ ನಮ್ಮನ್ನು ಕಾಪಾಡಿದ ಶಕ್ತಿ, ಕಾಲ ನಿಧಾನವಾಗಿ ಒಬ್ಬೊಬ್ಬರಿಗೂ ಗುರಿ ಇಡಬಲ್ಲ ಆ ಶಕ್ತಿ, ಮತ್ತೊಮ್ಮೆ ಕೈಗೆ ಬರುತ್ತದೆ. ಒಬ್ಬ, ಇಬ್ಬರು, ಮೂವರು. ಗುಂಡು ಸಾಲದು ಎಂದು ಕೈಗೆ ಗೊತ್ತಾಗುತ್ತದೆ. ಆದರೂ ಹೊಡೆಯುತ್ತೇವೆ.

ಆ ಸೋಲನ್ನು ಚಿತ್ರವಾಗಿ ತೋರಿಸಿದ್ದರೆ ನಾವು ನೋಡಿ ಮರುಗುತ್ತಿದ್ದೆವು. ಬಂದೂಕನ್ನು ನಮ್ಮ ಕೈಗೇ ಕೊಟ್ಟಿದ್ದರಿಂದ ಜಾನ್ ಜತೆ ನಾವೂ ಅಲ್ಲಿ ನಿಂತೆವು.

ಬೆಂಗಳೂರಿನ ಎಳೆ

*● 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು.*

*● ಅದರ ಬಹುಪಾಲು ಷೇರು ಕೊಂಡಿದ್ದು, ಅಣ್ಣ-ತಮ್ಮನ ಆ ಆಟ ಮಾಡಿದ ಸ್ಟಾರ್‌ಬ್ರೀಝ್.*

*● 2019ರಲ್ಲಿ ಅದನ್ನು ಕೊಂಡಿದ್ದು, ಜಾನ್ ಮಾರ್ಸ್ಟನ್ ಕಥೆ ಕಟ್ಟಿದ ರಾಕ್‌ಸ್ಟಾರ್. ಆ ಕಂಪನಿಯ ಭಾರತದ ಸ್ಟುಡಿಯೊ ಇರುವುದೂ ಬೆಂಗಳೂರಿನಲ್ಲೇ.*

*● 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕಾಗಿ ದುಡಿದ ಕೈಗಳಲ್ಲಿ ಬೆಂಗಳೂರಿನ ಕೈಗಳೂ ಇದ್ದವು.*

ಮೂರು ಬಣ್ಣ, ಒಂದೇ ರುಚಿ

ಕೈಯ ಕೆಲಸವನ್ನು ಕೊನೆಯಲ್ಲಿ ಮರೆತರೆ ಏನಾಗುತ್ತದೆ ಎಂಬುದಕ್ಕೆ 2012ರ ಮಾರ್ಚ್ ಸಾಕ್ಷಿ. ಕೆನಡಾದ ಬಯೋವೇರ್ ಸ್ಟುಡಿಯೊ 2007ರಲ್ಲಿ ‘ಮಾಸ್ ಎಫೆಕ್ಟ್’, 2010ರಲ್ಲಿ ಅದರ ಎರಡನೇ ಭಾಗ ತಂದಿತ್ತು. ಆಡುವವರ ನಿರ್ಧಾರಗಳು ಒಂದು ಭಾಗದಿಂದ ಇನ್ನೊಂದಕ್ಕೆ ಸಾಗಿಬರುತ್ತಿದ್ದವು. ಮೊದಲ ಭಾಗದಲ್ಲಿ ನಾವು ಸಾಯಲು ಬಿಟ್ಟವರು ಮೂರನೆಯದರಲ್ಲಿ ಇರುವುದಿಲ್ಲ. ಐದು ವರ್ಷ ಜನ ತಮ್ಮ ತಮ್ಮ ಕಥೆಯನ್ನು ಹೀಗೆ ಕಟ್ಟಿಕೊಂಡು ಬಂದಿದ್ದರು.

ಆ ಮಾರ್ಚ್‌ನಲ್ಲಿ ಬಂದ ಮೂರನೇ ಭಾಗದ ಕೊನೆಯ ನಿಮಿಷಗಳಲ್ಲಿ ಅಲ್ಲಿಯವರೆಗೆ ಮಾತೇ ಆಡದಿದ್ದ ಹೊಸ ಪಾತ್ರವೊಂದು ಮುಂದೆ ನಿಂತು ಮೂರು ದಾರಿ ವಿವರಿಸಿತು. ಯಾವುದನ್ನು ಆರಿಸಿದರೂ ತೆರೆಯ ಮೇಲೆ ಕಂಡದ್ದು ಹೆಚ್ಚುಕಡಿಮೆ ಒಂದೇ ದೃಶ್ಯ, ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ.

ಅಭಿಮಾನಿಗಳು ಕೆರಳಿದರು. ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಚೈಲ್ಡ್ಸ್ ಪ್ಲೇ ಸಂಸ್ಥೆಗೆ 80,000 ಡಾಲರಿಗೂ ಹೆಚ್ಚು ಹಣ ಕೂಡಿಸಿ ತಮ್ಮ ಬೇಡಿಕೆಯತ್ತ ಗಮನ ಸೆಳೆದರು. ಇನ್ನು ಕೆಲವರು ಸ್ಟುಡಿಯೊಗೆ ಸುಮಾರು 400 ಕಪ್‌ಕೇಕ್ ಕಳಿಸಿದರು. ಮೇಲೆ ಮೂರು ಬಣ್ಣದ ಕ್ರೀಮು, ಒಳಗೆ ಒಂದೇ ರುಚಿ. ಜೂನ್ 26ರಂದು ಬಯೋವೇರ್ ಕೊನೆಯನ್ನು ಹಿಗ್ಗಿಸಿ, ನಮ್ಮ ನಿರ್ಧಾರಗಳಿಂದ ಯಾರಿಗೆ ಏನಾಯಿತು ಎಂದು ತೋರಿಸುವ ಭಾಗವನ್ನು ಉಚಿತವಾಗಿ ಕೊಟ್ಟಿತು.

ಅದೇ ಆಟದ ನಡುವೆ ಅಪ್ಪಟ ಕೊನೆಯೊಂದಿದೆ ಎಂಬುದನ್ನೂ ಹೇಳಬೇಕು. ಮಾರ್ಡಿನ್ ಎಂಬ ವಿಜ್ಞಾನಿ ಹಿಂದೊಮ್ಮೆ ಒಂದು ಇಡೀ ಜನಾಂಗದ ಸಂತಾನಶಕ್ತಿ ಕುಂದಿಸುವ ಕೆಲಸಕ್ಕೆ ಕೈಹಾಕಿದ್ದವನು. ಆ ತಪ್ಪನ್ನು ತಿದ್ದಲು, ಕುಸಿಯುತ್ತಿರುವ ಗೋಪುರವನ್ನು ಒಬ್ಬನೇ ಏರುತ್ತಾನೆ. ಹಿಂದಿನ ಭಾಗದಲ್ಲಿ ತಮಾಷೆಗೆ ಹಾಡಿದ್ದ ಹಾಡನ್ನೇ ಗುನುಗುತ್ತ ಸಾಯುತ್ತಾನೆ. ಅವನು ಅಲ್ಲಿಯವರೆಗೆ ಬದುಕಿ ಬಂದದ್ದೇ ನಾವು ಎರಡನೇ ಭಾಗದಲ್ಲಿ ಅವನನ್ನು ಉಳಿಸಿಕೊಂಡಿದ್ದರಿಂದ. ಆಟ ನಮ್ಮನ್ನು ನೆನಪಿಟ್ಟುಕೊಂಡಿದೆ ಎಂಬ ಭಾವವೇ ಆ ಸಾವಿಗೆ ಸಾರ್ಥಕತೆ ಕೊಟ್ಟಿತು. ಅಂತಿಮ ಕೊನೆಗೆ ಇಲ್ಲದೆ ಹೋದದ್ದು ಅದೇ.

ಪಟದ ಕೊನೆಯ ಮನೆ

*● ಹಾವು-ಏಣಿ ಆಟದ ಮೂಲ ಭಾರತದ ಜ್ಞಾನ ಚೌಪರ್. ನಮ್ಮ ಕಡೆ ಅದರ ಬಂಧು ಪರಮಪದ ಸೋಪಾನ ಪಟ.*

*● ಹಳೆಯ ಪಟಗಳಲ್ಲಿ ಮನೆಗಳಿಗೆ ಗುಣ-ದುರ್ಗುಣಗಳ ಹೆಸರು. ದುರ್ಗುಣಕ್ಕೆ ಹಾವು, ಸದ್ಗುಣಕ್ಕೆ ಏಣಿ, ತುದಿಯಲ್ಲಿ ಮೋಕ್ಷ.*

*● 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡ್ ತಲುಪಿದ ಆಟ ಕ್ರಮೇಣ ಸರಳವಾಗಿ, ಕೊನೆಯ ಮನೆಗೆ 100 ಎಂಬ ಅಂಕೆಯಷ್ಟೇ ಉಳಿಯಿತು. ತಲುಪುವ ಜಾಗಕ್ಕೆ ಅರ್ಥವಿರಬೇಕು ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು.*

ಕೊಟ್ಟು ಮುಗಿಸುವುದು

ನಾನು ಕಂಡ ಕೊನೆಗಳಲ್ಲೆಲ್ಲ ಅತಿ ಉದಾರವಾದದ್ದು 2017ರ ‘ನಿಯರ್: ಆಟೊಮಾಟಾ’ದ್ದು. ಜಪಾನಿನ ಯೊಕೊ ತಾರೊ ನಿರ್ದೇಶಿಸಿದ ಈ ಆಟಕ್ಕೆ ಇಂಗ್ಲಿಷ್ ಅಕ್ಷರಮಾಲೆಯಷ್ಟೇ, 26 ಕೊನೆಗಳು. ಮುಖ್ಯವಾದ ಐದರಲ್ಲಿ ಕಡೆಯದಕ್ಕೆ ಬಂದಾಗ ಆಟ ಕಟ್ಟಿದವರ ಹೆಸರುಗಳು ತೆರೆಯ ಮೇಲೆ ಸಾಗತೊಡಗುತ್ತವೆ. ಆ ಹೆಸರುಗಳೇ ಗುಂಡು ಹಾರಿಸುತ್ತವೆ, ನಾವು ಪುಟ್ಟ ಬಾಣದಂಥ ಹಡಗಿನಲ್ಲಿ ತಿರುಗಿ ಹೊಡೆಯಬೇಕು.

ಒಬ್ಬರೇ ಗೆಲ್ಲುವುದು ಅಸಾಧ್ಯವೆಂಬಷ್ಟು ಕಷ್ಟ. ಸೋತಾಗಲೆಲ್ಲ ಕೈಬಿಡುತ್ತೀರಾ ಎಂದು ಆಟ ಕೇಳುತ್ತದೆ. ಹಿನ್ನೆಲೆಯಲ್ಲಿ ಜಗತ್ತಿನ ಎಲ್ಲೆಲ್ಲಿಂದಲೋ ಬೇರೆ ಆಟಗಾರರು ಬಿಟ್ಟುಹೋದ ಧೈರ್ಯದ ಮಾತುಗಳು ಕಾಣುತ್ತವೆ. ಆಮೇಲೆ ನೆರವು ಬರುತ್ತದೆ. ಅಪರಿಚಿತರ ಹಡಗುಗಳು ನಮ್ಮ ಸುತ್ತ ಕೋಟೆಯಾಗುತ್ತವೆ, ಹಾಡಿಗೆ ಹತ್ತಾರು ಕಂಠಗಳು ಸೇರುತ್ತವೆ. ನಮಗೆ ತಗುಲಬೇಕಿದ್ದ ಗುಂಡು ಅವರಿಗೆ ತಗುಲಿದಾಗಲೆಲ್ಲ ಯಾರೋ ಒಬ್ಬರ ಡೇಟಾ ಅಳಿಯಿತು ಎಂಬ ಸೂಚನೆ ಬರುತ್ತದೆ.

ಗೆದ್ದ ಮೇಲೆ ಆಟ ಕೊನೆಯ ಪ್ರಶ್ನೆ ಕೇಳುತ್ತದೆ. ಮುಖವನ್ನೇ ನೋಡದ ಯಾರಿಗೋ ಹೀಗೆ ನೆರವಾಗಲು ನಿಮ್ಮ ಸೇವ್ ಡೇಟಾ ಎಲ್ಲವನ್ನೂ ಕೊಡುತ್ತೀರಾ? ಹತ್ತಾರು ಗಂಟೆ ಗಳಿಸಿದ್ದೆಲ್ಲ ಹೋಗುತ್ತದೆ. ಅವರು ನಿಮಗೆ ಕೃತಜ್ಞತೆ ಹೇಳಲಾರರು.

ನಾನು ಹೌದು ಎಂದೆ. ಆಯುಧಗಳು, ನಕ್ಷೆಗಳು, ಮುಗಿಸಿದ ಅಧ್ಯಾಯಗಳು ಒಂದೊಂದಾಗಿ ಕಣ್ಣ ಮುಂದೆ ಅಳಿದವು. ಕಳೆದುಕೊಂಡೆ ಎನಿಸಲಿಲ್ಲ. ಯಾರೋ ನನಗಾಗಿ ಇದನ್ನೇ ಮಾಡಿದ್ದರು ಎಂದು ಆಗಲೇ ಗೊತ್ತಾಗಿತ್ತಲ್ಲ.

2012ರ ‘ಜರ್ನಿ’ಯಲ್ಲೂ ಇಂಥದೊಂದು ಗಳಿಗೆಯಿದೆ. ಮರಳುಗಾಡು ದಾಟಿ, ಹಿಮದ ಬೆಟ್ಟ ಏರುವ ಎರಡು ಗಂಟೆಯ ಆ ಆಟದಲ್ಲಿ ಹೆಸರಿಲ್ಲದ ಜತೆಗಾರರು ಸಿಗುತ್ತಾರೆ. ಮಾತಿಲ್ಲ, ಒಂದು ಸ್ವರದಲ್ಲಿ ಕೂಗಬಹುದು, ಅಷ್ಟೆ. ಚಳಿಯಲ್ಲಿ ಇಬ್ಬರೂ ಒತ್ತಿಕೊಂಡು ನಡೆಯುತ್ತಾರೆ. ಎಲ್ಲ ಮುಗಿದ ಮೇಲೆ ತೆರೆ ಅವರ ಹೆಸರನ್ನು ತೋರಿಸುತ್ತದೆ. ಅಷ್ಟು ಹೊತ್ತು ಜತೆಗಿದ್ದದ್ದು ಯಂತ್ರವಲ್ಲ, ಲೋಕದ ಯಾವುದೋ ಮೂಲೆಯ ಒಬ್ಬ ಮನುಷ್ಯ.

ಮತ್ತೆ ಆ ದಡಕ್ಕೆ

ದೊಡ್ಡ ಆಟಗಳನ್ನು ಕೊಂಡವರಲ್ಲಿ ಬಹಳ ಮಂದಿ ಅವನ್ನು ಕೊನೆಮುಟ್ಟಿಸುವುದೇ ಇಲ್ಲ. ಹಾಗಿರುವಾಗ ಕೊನೆಗೆ ಇಷ್ಟು ಶ್ರಮವೇಕೆ ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಅಲ್ಲಿಯವರೆಗೆ ನಡೆದುಬಂದವರು ತಮ್ಮ ಬದುಕಿನ ಹಲವು ಸಂಜೆಗಳನ್ನು ಆ ಆಟಕ್ಕೆ ಕೊಟ್ಟಿರುತ್ತಾರೆ. ಆ ಸಂಜೆಗಳಿಗೆ ಆಟ ಕೊಡುವ ಉತ್ತರವೇ ಅದರ ಕೊನೆ.

ಅಳಿಯ ಅಂದು ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ಹೊರಗೆ ಹೋಗಿ ಜಗುಲಿಯಲ್ಲಿ ಕೂತ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಆಟ ಮತ್ತೆ ಶುರುವಾಗಿತ್ತು. ಪಕ್ಕದಲ್ಲಿ ಅವನ ಪುಟ್ಟ ತಂಗಿ. ಒಂದೇ ಕಂಟ್ರೋಲರನ್ನು ಇಬ್ಬರೂ ಹಿಡಿದಿದ್ದರು. ಎಡಭಾಗ ಅವನ ಕೈಯಲ್ಲಿ, ಬಲಭಾಗ ಅವಳ ಕೈಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಅವರು ಆ ದಡಕ್ಕೆ ಬಂದರು. ಮಳೆ, ಕತ್ತಲು, ನೀರು. “ಅಣ್ಣ, ಇವ್ನು ಹೋಗ್ತಾನೇ ಇಲ್ಲ ಕಣೋ” ಎಂದಳು ಅವಳು.

ಅವನು ಏನೂ ಹೇಳಲಿಲ್ಲ. ತನ್ನ ಬೆರಳು ತೆಗೆದು, ಅವಳ ಎಡಗೈಯನ್ನು ಮೆಲ್ಲಗೆ ಆ ಬಟನ್ ಮೇಲೆ ತಂದಿಟ್ಟ.